ಬಾಸ್ ಮೀನಿನ ನಾಲ್ಕು ಋತುಗಳು

ಮೀನು ಹಿಡಿಯುವ ವಿಷಯವನ್ನು ಕುರಿತು ನಾವು ಲೇಖನಿಯನ್ನೆತ್ತಿರುವೆವೆಂದರೆ ನಮ್ಮನ್ನು ಬಲ್ಲವರು ನಗದೆ ಇರಲಾರರು. ತುಂಗೆಯ ತೀರದಲ್ಲಿ ಹುಟ್ಟಿ ಬೆಳೆದು, ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದ ನಮಗೆ ಮೀನಿನೊಡನೆ ಇದ್ದ ಸಂಬಂಧವೆಲ್ಲ ಎರಡೇ ಬಗೆಯದು. ಒಂದು, ಶೃಂಗೇರಿಗೆ ಹೋದಾಗಲೆಲ್ಲ ಹೊಳೆಯ ಮೆಟ್ಟಿಲಮೇಲೆ ಕುಳಿತು ದೇವರ ಮೀನುಗಳಿಗೆ ಪುರಿಯನ್ನು ಎರಚುತ್ತಿದ್ದುದು. ಇನ್ನೊಂದು, ತರಗತಿಯಲ್ಲಿ ಮತ್ಸ್ಯನ್ಯಾಯವೆಂಬ ಪದವನ್ನು ವಿವರಿಸುವಾಗ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತಿರುವ ಚಿತ್ರವೊಂದನ್ನು ಕಪ್ಪು ಹಲಗೆಯಮೇಲೆ ಬರೆಯುತ್ತಿದ್ದುದು. ಆ ಚಿತ್ರವು ಮೀನಿಗಿಂತ ಬದನೆಕಾಯನ್ನೇ ಹೆಚ್ಚಾಗಿ ಹೋಲುತ್ತಿತ್ತೆಂದು ಹಿಂದಿನ ಬೆಂಚಿನ ಹುಡುಗರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದುದು ನಮಗೆ ತಿಳಿಯದ ಸಂಗತಿಯೇನೂ ಅಲ್ಲ.

ಹೀಗಿರಲು, ನಮ್ಮ ಮಗಳು ಅಮೆರಿಕಾ ದೇಶದ ಟೆಕ್ಸಸ್ ಸಂಸ್ಥಾನದಲ್ಲಿ ಡಾಲಸ್ ನಗರದ ಬಳಿ ಸಂಸಾರ ಹೂಡಿ ಹನ್ನೆರಡು ವರ್ಷಗಳಾದುವು. ನಾವೂ ನಮ್ಮ ಗೃಹಿಣಿಯೂ ಎರಡು ಸಾರಿ ಅಲ್ಲಿಗೆ ಹೋಗಿ ಬಂದೆವು. ಮೊದಲನೆಯ ಸಾರಿ ಫೆಬ್ರವರಿಯ ನಡುವಿನಿಂದ ಜುಲೈ ಕೊನೆಯವರೆಗೆ. ಎರಡನೆಯ ಸಾರಿ ಮರುವರ್ಷದ ಸೆಪ್ಟೆಂಬರಿನಿಂದ ಫೆಬ್ರವರಿಯ ಮೊದಲ ವಾರದವರೆಗೆ. ಆದುದರಿಂದ ಆ ಸೀಮೆಯ ಸಂವತ್ಸರವನ್ನು ಎರಡು ತುಂಡುಗಳಾಗಿ ನೋಡಿ, ಜೋಡಿಸಿಕೊಂಡಂತಾಯಿತು.

ಹೋದ ಮರುದಿನವೇ ಮೋಟಾರು ನಿಲ್ಲಿಸುವ ಕೋಣೆಯಲ್ಲಿ ನಾವು ಕಂಡುದು ಗೋಡೆಗೆ ಸಾಲಾಗಿ ಆನಿಸಿದ್ದ ಏಳೆಂಟು ಗಾಳದ ಕೋಲುಗಳು, ಮತ್ತು ಚಕ್ರದ ಬಂಡಿಯಮೇಲೆ ಕುಳಿತ ಒಂದು ದೋಣಿ. ಅಳಿಯಂದಿರು ಶಿವಮೊಗ್ಗೆಯ ಕಡೆಯವರು; ನಮ್ಮಂತೆಯೇ ಸೊಪ್ಪುಸದೆ ತಿನ್ನುವ ಮನೆತನ. ಅವರು ಭಾನುವಾರದ ದಿವಸ ನಸುಕಿನಲ್ಲೆದ್ದು, ಹತ್ತು ವರ್ಷದ ಮಗುವನ್ನೂ ಕರೆದುಕೊಂಡು ಮೀನು ಹಿಡಿಯಲು ಹೋಗುವರೆಂಬುದೂ, ಹಿಡಿದ ಮೀನನ್ನು ತಿನ್ನದೆ ಅಳೆದು ತೂಗಿ ಮತ್ತೆ ನೀರಿಗೇ ಬಿಡುವರೆಂಬುದೂ ಆ ರಾತ್ರಿ ಊಟದ ಹೊತ್ತಿನಲ್ಲಿ ಹೊರಬಿದ್ದಿತು. ತಿನ್ನುವವನಿಗಾದರೆ ಹಸಿವೆಂಬುದೊಂದು ನೆಪವುಂಟು, ತಿನ್ನದವನು ಒಂದು ಪ್ರಾಣಿಯ ಬಾಯಿಗೆ ಕೊಕ್ಕೆ ಸಿಕ್ಕಿಸುವುದು ಏತಕ್ಕೆ ಎಂದು ನಾವು ಕೇಳಿಬಿಟ್ಟೆವು. ಅಳಿಯಂದಿರು ಏನನ್ನೂ ಹೇಳದೆ ಮಜ್ಜಿಗೆಯನ್ನ ಕಲಸಿಕೊಂಡರು. ಮಗಳು ಮಾತ್ರ ಅನಂತರ ಅಡುಗೆಯ ಕೋಣೆಗೆ ಕರೆದು, "ಅಪ್ಪ, ವಾರವೆಲ್ಲ ಅವರು ಗಣಕಯಂತ್ರದ ಮುಂದೆ ಕೂತಿರುತ್ತಾರೆ. ಮನಸ್ಸು ಬಿಚ್ಚಿ ನಗುವುದು ಅದೊಂದು ದಿನ. ನೀವು ಅದಕ್ಕೂ ಕಲ್ಲು ಹಾಕಬೇಡಿ" ಎಂದಳು. ಮೂರು ವಾರಗಳ ಕಾಲ ನಮಗೂ ಅಳಿಯಂದಿರಿಗೂ ಹವೆಯ ವಿಷಯವೊಂದನ್ನು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ನಾಲ್ಕನೆಯ ಭಾನುವಾರ ಮಗುವು ನಮ್ಮ ಹಾಸಿಗೆಯ ಬಳಿ ಬಂದು, "ಅಜ್ಜ, ನೀನೂ ಬಾ. ಸುಮ್ಮನೆ ಕೂತ್ಕೋ ಸಾಕು" ಎಂದಿತು. ಅದು ಕನ್ನಡದಲ್ಲಿ ಪೂರ್ಣವಾಗಿ ಆಡಿದ ವಾಕ್ಯವನ್ನು ನಾವು ಕೇಳಿದ್ದು ಅದೇ ಮೊದಲು. ಹೋದೆವು.

ಆ ಜಲಾಶಯಕ್ಕೆ ಲೇಕ್ ಫೋರ್ಕ್ ಎಂದು ಹೆಸರು. ಡಾಲಸ್ಸಿನಿಂದ ಪೂರ್ವಕ್ಕೆ, ಎರಡು ಗಂಟೆಗೆ ಕಡಿಮೆಯಾದ ಮೋಟಾರು ಪ್ರಯಾಣ. ಸೆಬೀನ್ ನದಿಗೆ ಸೇರುವ ಉಪನದಿಯೊಂದಕ್ಕೆ ಅಡ್ಡಲಾಗಿ ಕಟ್ಟೆ ಹಾಕಿ ೧೯೮೦ರ ಸುಮಾರಿಗೆ ನೀರು ನಿಲ್ಲಿಸಿದರು. ವಿಸ್ತಾರವು ಸುಮಾರು ೨೭,೦೦೦ ಎಕರೆ. ನಗರಗಳಿಗೆ ನೀರೊದಗಿಸುವುದಕ್ಕಾಗಿ ಕಟ್ಟಿದ್ದಾದರೂ, ಮುಳುಗಡೆಯ ಪ್ರದೇಶದ ಮರಗಳಲ್ಲಿ ಬಹುಭಾಗವನ್ನು ಮೀನುಗಳ ಆಶ್ರಯಕ್ಕೆಂದು ಕಡಿಯದೆ ನಿಲ್ಲಗೊಟ್ಟರು. ನಸುಕಿನ ಮಂಜಿನಲ್ಲಿ ನೀರಿನ ಮೇಲೆ ಎಲೆಯಿಲ್ಲದೆ ನಿಂತ ಆ ಮರಗಳನ್ನು ಕಂಡಾಗ ನಮಗೆ ಲಿಂಗನಮಕ್ಕಿಯ ಹಿನ್ನೀರು ನೆನಪಾಯಿತು. ೧೯೬೪ರಲ್ಲಿ ಶರಾವತಿಯ ಆ ಕಟ್ಟೆ ಮುಗಿದಾಗ ನಮ್ಮ ಗೃಹಿಣಿಯ ತವರಿನವರ ಗದ್ದೆಯೂ ತೋಟವೂ ನೀರಿನಡಿಗೆ ಹೋದುವು. ಅಲ್ಲಿಯೂ ಬೇಸಿಗೆಯಲ್ಲಿ ಹೀಗೆಯೇ ಮರಗಳ ಬೊಡ್ಡೆಗಳು ಏಳುತ್ತವೆ. ದಡದ ಬಳಿ ನೀರಿನೊಳಗೆ ಹಬ್ಬಿದ್ದ ಹಸುರು ಪಾಚಿಯಂತಹ ಸಸ್ಯಕ್ಕೆ ಹೈಡ್ರಿಲ್ಲ ಎನ್ನುವರಂತೆ. ಅದು ನಮ್ಮ ದೇಶದ ಕೆರೆಗಳಲ್ಲಿಯೂ ಬೆಳೆಯತಕ್ಕದ್ದೇ. ಅಲ್ಲಿಗೆ ಬೇರೆ ಖಂಡದಿಂದ ಬಂದು ನೆಲಸಿ, ನಮ್ಮ ಹುಡುಗರಂತೆಯೇ ಚೆನ್ನಾಗಿ ಬೇರೂರಿದೆ.

ಇನ್ನು ಮೀನಿನ ವಿಷಯ. ಬಾಸ್ ಎಂಬ ಹೆಸರು ಅನೇಕ ಮೀನುಗಳಿಗುಂಟು. ಇಲ್ಲಿ ಹೇಳತಕ್ಕದ್ದು ದೊಡ್ಡಬಾಯಿಯ ಬಾಸ್. ಬೆನ್ನು ಹಸುರು, ಹೊಟ್ಟೆ ಬಿಳುಪು, ಪಕ್ಕೆಯುದ್ದಕ್ಕೂ ಮಸಿಯಿಂದೆಳೆದಂತೆ ಒಂದು ಕಪ್ಪು ಪಟ್ಟೆ. ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿಯು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ತೆರೆದರೆ ನಮ್ಮ ಮುಷ್ಟಿ ಹಿಡಿಸುವಷ್ಟು ಅಗಲ. ಕಪ್ಪೆ, ಸೀಗಡಿಯ ಜಾತಿಯ ಜಂತುಗಳು, ಶ್ಯಾಡ್ ಎಂಬ ಬೆಳ್ಳಿಬಣ್ಣದ ಮರಿಮೀನು, ಕಡೆಗೆ ತನ್ನ ಜಾತಿಯ ಮರಿಗಳು—ಎಲ್ಲವೂ ಇದಕ್ಕೆ ಆಹಾರವೇ. ಮತ್ಸ್ಯನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆಯಲಾರದು. ಆ ಬದನೆಕಾಯಿಯ ಚಿತ್ರವನ್ನು ಬರೆಯುವ ಮೊದಲೇ ಇದನ್ನು ನೋಡಿದ್ದರೆ ಚೆನ್ನಾಗಿತ್ತು.

ಇದರ ಶಾಸ್ತ್ರೀಯ ನಾಮವನ್ನು ಕೇಳಿ ನಮಗೆ ವ್ಯಾಕರಣದ ಚಪಲ ಹುಟ್ಟಿತು. ಮೈಕ್ರಾಪ್ಟೆರಸ್ ಎಂದರೆ ಗ್ರೀಕಿನಲ್ಲಿ ಸಣ್ಣ ರೆಕ್ಕೆಯುಳ್ಳದ್ದು ಎಂದರ್ಥ. ಆದರೆ ಇದರ ರೆಕ್ಕೆಯೇನೂ ಸಣ್ಣದಲ್ಲ. ೧೮೦೨ರಲ್ಲಿ ಲಾಸೆಪೇಡ್ ಎಂಬ ಫ್ರೆಂಚ್ ವಿದ್ವಾಂಸನು ಈ ಕುಲದ ಸಣ್ಣಬಾಯಿಯ ಮೀನೊಂದನ್ನು ಪರೀಕ್ಷಿಸಿದಾಗ, ಆ ಒಂದು ಮೀನಿನ ಬೆನ್ನಿನ ರೆಕ್ಕೆ ಹರಿದು ತುಂಡೊಂದು ಬೇರೆಯಾಗಿತ್ತು. ಅದನ್ನೇ ಸಹಜವಾದ ಪುಟ್ಟ ರೆಕ್ಕೆಯೆಂದು ಭಾವಿಸಿ ಹೆಸರಿಟ್ಟನು. ಒಂದು ಗಾಯದಿಂದ ಇಡೀ ಕುಲಕ್ಕೆ ಹೆಸರು ಬಂದಿತು. ಯೋಗಾರ್ಥಕ್ಕಿಂತ ರೂಢ್ಯರ್ಥವೇ ಬಲವತ್ತರವೆಂದು ನಾವು ಹುಡುಗರಿಗೆ ಪಂಕಜ ಶಬ್ದವನ್ನಿಟ್ಟುಕೊಂಡು ಹೇಳುತ್ತಿದ್ದೆವು, ಇದನ್ನೂ ಹೇಳಬಹುದಾಗಿತ್ತು.

ಈ ಮೀನಿನ ಬೇಟೆಯೆಲ್ಲ ನೀರಿನ ಶಾಖವನ್ನು ಅವಲಂಬಿಸಿದೆ. ದೋಣಿಯಲ್ಲಿ ಶಾಖವನ್ನೂ ಆಳವನ್ನೂ ತೋರಿಸುವ ಯಂತ್ರವೊಂದಿರುತ್ತದೆ. ಅಳಿಯಂದಿರು ಪಂಚಾಂಗವನ್ನು ನೋಡುವಂತೆ ಅದನ್ನು ನೋಡುತ್ತಿದ್ದರು. ಅಲ್ಲಿ ಋತುಗಳು ನಾಲ್ಕೇ. ನಮ್ಮ ವರ್ಷಋತುವಿಗೆ ಅಲ್ಲಿ ಸ್ಥಾನವಿಲ್ಲ. ಮಳೆಯು ಏಪ್ರಿಲ್ ಮೇ ತಿಂಗಳುಗಳಲ್ಲಿ ಸಿಡಿಲು ಆಲಿಕಲ್ಲುಗಳೊಡನೆ ಒಂದೆರಡು ಗಂಟೆ ಆರ್ಭಟಿಸಿ, ಮತ್ತೆ ಏನೂ ಆಗಿಲ್ಲವೆಂಬಂತೆ ಬಿಸಿಲು ಕಾಯುತ್ತದೆ.

ನಾವು ಮೊದಲು ಕಂಡುದು ವಸಂತ. ಮಾರ್ಚಿಯಲ್ಲಿ ದಡದ ಕಾಡಿನೊಳಗೆ ರೆಡ್‌ಬಡ್ ಎಂಬ ಗಿಡಗಳು ಎಲೆಗೆ ಮುಂಚೆ ಹೂವನ್ನೇ ಹೊದ್ದು ನಿಂತಿದ್ದುವು. ನೀರಿನ ಶಾಖವು ಫ್ಯಾರನ್‌ಹೀಟ್ ಮಾನದ ೬೦ ಡಿಗ್ರಿಯನ್ನು ದಾಟಿತೆಂದರೆ, ಅಂದರೆ ನಮ್ಮ ಮಾನದಲ್ಲಿ ೧೫-೧೬ ಡಿಗ್ರಿಯಾಯಿತೆಂದರೆ, ಬಾಸ್ ಮೀನುಗಳು ಆಳವನ್ನು ಬಿಟ್ಟು ಗಾಳಿಯಾಡದ ಕೊಲ್ಲಿಗಳ ಮೊಣಕಾಲುದ್ದದ, ಸೊಂಟದುದ್ದದ ನೀರಿಗೆ ಬರುತ್ತವೆ. ಗಂಡು ತನ್ನ ಬಾಲದಿಂದ ಕೆಸರನ್ನು ಗುಡಿಸಿ, ಗಟ್ಟಿ ನೆಲ ಕಾಣುವಂತೆ ಮೊರದಷ್ಟಗಲದ ದುಂಡನೆಯ ಗೂಡನ್ನು ಮಾಡುತ್ತದೆ. ಹೆಣ್ಣು ಬಂದು ಸಾವಿರಾರು ತತ್ತಿಗಳನ್ನಿಟ್ಟು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಬಾಣಂತಿತನವೆಲ್ಲ ಗಂಡಿನದೇ. ತತ್ತಿಗಳಿಗೆ ಮಣ್ಣು ಕೂರದಂತೆ ರೆಕ್ಕೆಯಿಂದ ಬೀಸುತ್ತ, ಹೆಚ್ಚುಕಡಿಮೆ ಉಪವಾಸವಿದ್ದು, ಹಗಲು ರಾತ್ರಿ ಕಾವಲಿರುತ್ತದೆ. ಕೆಲವು ದಿನಗಳಲ್ಲಿ ಮರಿಗಳೊಡೆದು, ಕಪ್ಪು ಹೊಗೆಯಂತೆ ಗುಂಪಾಗಿ ಮೇಲೇಳುತ್ತವೆ. ಆಗಲೂ ತಂದೆ ಅವುಗಳ ಸುತ್ತ ತಿರುಗುತ್ತಲೇ ಇರುತ್ತದೆ.

ಧ್ರುವೀಕೃತ ಗಾಜಿನ ಕಪ್ಪು ಕನ್ನಡಕವನ್ನು ಹಾಕಿಕೊಂಡರೆ ನೀರಿನ ಹೊಳಪು ಸರಿದು ಇದೆಲ್ಲವೂ ಚೆನ್ನಾಗಿ ಕಾಣುತ್ತದೆ. ಮಗುವು ತನ್ನ ಕನ್ನಡಕವನ್ನು ನಮಗೆ ಕೊಟ್ಟು ತೋರಿಸಿತು. ಒಂದು ಗೂಡಿನ ಮೇಲೆ ಮೊಳದುದ್ದದ ಗಂಡು ಅಲುಗದೆ ನಿಂತಿತ್ತು. ಅದರಿಂದ ಮಾರುದೂರದಲ್ಲಿ ಅಂಗೈಯಗಲದ ನೀಲಿಕಿವಿರಿನ ಮೀನುಗಳು ನಾಲ್ಕೈದು, ಮದುವೆಯ ಮನೆಯ ಹಿತ್ತಿಲಲ್ಲಿ ನಾಯಿಗಳು ಸುಳಿಯುವಂತೆ ಸುಳಿಯುತ್ತಿದ್ದುವು, ತತ್ತಿ ತಿನ್ನುವುದಕ್ಕೆ. ಅವು ಒಂದು ಗೇಣು ಮುಂದೆ ಬಂದರೆ ಗಂಡು ನುಗ್ಗಿ ಅಟ್ಟಿ, ಮತ್ತೆ ಸ್ವಸ್ಥಾನಕ್ಕೆ ಬಂದು ನಿಲ್ಲುತ್ತಿತ್ತು.

ಅಳಿಯಂದಿರು ಆ ಗೂಡಿನೊಳಕ್ಕೆ ರಬ್ಬರಿನಂತಹ ಮೆದುವಸ್ತುವಿನಿಂದ ಮಾಡಿದ ಹುಸಿಹುಳುವನ್ನು ಬೀಸಿ ಎಸೆದರು. ಅದು ಹಸಿವಿನಿಂದ ಕಚ್ಚುವ ಕಾಲವಲ್ಲ. ಗೂಡಿಗೆ ಬಿದ್ದುದನ್ನು ಹೊರಗೆ ಹಾಕುವುದಕ್ಕೆ ಮಾತ್ರ ಅದು ಬಾಯಿ ಹಾಕುತ್ತದೆ. ಹಾಕಿತು. ಕೋಲು ಬಾಗಿತು. ಕೆಳತುಟಿಯನ್ನು ಹೆಬ್ಬೆರಳಿನಿಂದ ಹಿಡಿದೆತ್ತಿ, ಕೊಕ್ಕೆ ಬಿಡಿಸಿ, ತೂಗಿ, ಮಗುವಿಗೆ ತೋರಿಸಿ, ಮರಳಿ ಬಿಡುವುದಕ್ಕೆ ಎರಡು ನಿಮಿಷವೂ ಆಗಿರಲಾರದು. ಆದರೆ ನಾವು ಅಳಿಯಂದಿರ ಕೈಯನ್ನು ನೋಡುತ್ತಿರಲಿಲ್ಲ, ಗೂಡನ್ನು ನೋಡುತ್ತಿದ್ದೆವು. ಆ ಎರಡು ನಿಮಿಷದಲ್ಲಿ ಆ ನಾಲ್ಕೈದು ಮೀನುಗಳು ಹನ್ನೆರಡಾಗಿ, ತಲೆ ಕೆಳಗೆಮಾಡಿ ಗೂಡಿನೊಳಗೆ ನುಗ್ಗಿದ್ದುವು. ಮೂರು ಮಕ್ಕಳ ತಂದೆಯಾದ ನಮಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಹಸಿವನ್ನು ವಂಚಿಸುವುದು ಒಂದು, ವಾತ್ಸಲ್ಯವನ್ನು ವಂಚಿಸುವುದು ಇನ್ನೊಂದು ಎಂದೆವು.

ಅಳಿಯಂದಿರು ಈ ಸಾರಿ ಉತ್ತರ ಕೊಟ್ಟರು. ಅವರ ವಾದವನ್ನೂ ಇಲ್ಲಿ ಬರೆಯುವುದು ನ್ಯಾಯ. ಬಿಟ್ಟ ಗಂಡು ಸಾಮಾನ್ಯವಾಗಿ ತನ್ನ ಗೂಡಿಗೆ ಹಿಂದಿರುಗುತ್ತದೆ. ಒಂದು ಗೂಡಿನಲ್ಲಿ ಸಾವಿರಾರು ಮರಿಗಳಾದರೂ ದೊಡ್ಡವಾಗುವುದು ಬೆರಳೆಣಿಕೆಯಷ್ಟು. ಬೇಸಿಗೆ ದೀರ್ಘವಾದ ಟೆಕ್ಸಸ್ಸಿನಲ್ಲಿ ವಸಂತದಲ್ಲಿ ಹಿಡಿಯುವುದರಿಂದ ಮೀನಿನ ಸಂಖ್ಯೆಗೆ ಕುಂದಿಲ್ಲವೆಂದು ಅಲ್ಲಿಯ ಮತ್ಸ್ಯಾಧಿಕಾರಿಗಳು ನಿಷೇಧವನ್ನೇ ಹಾಕಿಲ್ಲ. ಚಳಿಯ ಸೀಮೆಯಾದ ಕೆನಡಾದ ಒಂಟೇರಿಯೋದ ಅನೇಕ ಕಡೆಗಳಲ್ಲಿ ಮಾತ್ರ ಗೂಡಿನ ಕಾಲ ಕಳೆದು ಜೂನ್ ತಿಂಗಳು ಬರುವವರೆಗೆ ಈ ಮೀನನ್ನು ಹಿಡಿಯಕೂಡದು. "ಮಾವ, ಲೆಕ್ಕದಲ್ಲಿ ನಷ್ಟವಿಲ್ಲ" ಎಂದರು. ಲೆಕ್ಕದ ವಿಷಯದಲ್ಲಿ ನಮಗೆ ಉತ್ತರವಿರಲಿಲ್ಲ. ಅಂದು ಮನೆಗೆ ಬರುವವರೆಗೆ ಮತ್ತೆ ಹವೆಯ ಮಾತು.

ಹಿಡಿದುದನ್ನು ಬಿಡುವ ಈ ಪದ್ಧತಿಯು ಆ ದೇಶದಲ್ಲಿಯೂ ಸನಾತನವಾದುದಲ್ಲವೆಂದು ಆಮೇಲೆ ಓದಿ ತಿಳಿದುಕೊಂಡೆವು. ಅಲಬಾಮದಲ್ಲಿ ವಿಮೆ ಮಾರುತ್ತಿದ್ದ ರೇ ಸ್ಕಾಟ್ ಎಂಬಾತನು ೧೯೬೭ರಲ್ಲಿ ಬಾಸ್ ಮೀನಿನ ಪಂದ್ಯಗಳನ್ನು ಏರ್ಪಡಿಸತೊಡಗಿ, ಪಂದ್ಯದಲ್ಲಿ ಸಾಯುವ ಮೀನುಗಳನ್ನು ಕುರಿತು ಆಕ್ಷೇಪಗಳೆದ್ದಾಗ, ೧೯೭೨ರಿಂದ ಜೀವಸಹಿತ ಬಿಡತಕ್ಕದ್ದೆಂಬ ಪ್ರಚಾರವನ್ನು ಕೈಗೊಂಡನು. ಲೇಕ್ ಫೋರ್ಕಿನಲ್ಲಂತೂ ಕಾಯಿದೆಯೇ ಉಂಟು: ೧೬ ಅಂಗುಲದಿಂದ ೨೪ ಅಂಗುಲದವರೆಗಿನ ಬಾಸ್ ಮೀನನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಚಿಕ್ಕವನ್ನು ತಿನ್ನಬಹುದು, ಸಂತಾನ ಬೆಳೆಸುವ ಪ್ರಾಯದವನ್ನು ಬಿಡಬೇಕು, ೨೪ ಅಂಗುಲ ಮೀರಿದ್ದು ದಿನಕ್ಕೆ ಒಂದೇ.

ಜೂನ್ ಕಳೆದು ಜುಲೈ ಬಂದಿತು. ಆ ಬಿಸಿಲನ್ನು ಬಳ್ಳಾರಿಯವರು ಮಾತ್ರ ತಿಳಿದುಕೊಳ್ಳಬಲ್ಲರು. ಮೇಲಿನ ನೀರು ೮೫ ಡಿಗ್ರಿಯನ್ನು ದಾಟಿ ೯೦ರತ್ತ ಏರಿ, ಸ್ನಾನದ ಹಂಡೆಯ ನೀರಿನಂತಾಗುತ್ತದೆ. ಕೆಳಗಿನ ನೀರು ತಣ್ಣಗಿದ್ದರೂ, ಭಾರವಾಗಿ ಅಡಿಯಲ್ಲೇ ನಿಂತು, ಮೇಲಿನದರೊಡನೆ ಬೆರೆಯದೆ, ಪ್ರಾಣವಾಯುವಿಲ್ಲದೆ ಹಾಳಾಗುತ್ತದೆ. ಹೀಗಾಗಿ ಮೀನುಗಳು ಮೇಲೆ ಕುದಿತ, ಕೆಳಗೆ ಉಸಿರುಗಟ್ಟು ಎಂಬ ಎರಡರ ನಡುವಣ ಪದರದಲ್ಲಿ, ಮುಳುಗಿದ ಹಳೆಯ ರಸ್ತೆಗಳ ಏರಿ, ದಿಬ್ಬಗಳ ನೆತ್ತಿ ಮುಂತಾದ ಕಡೆಗಳಲ್ಲಿ ಸೇರಿಕೊಂಡಿರುತ್ತವೆ. ಬಲ್ಲವರು ಬೇಸಿಗೆಯಲ್ಲಿ ಅರುಣೋದಯಕ್ಕೆ ಹೋಗಿ ಎಂಟು ಗಂಟೆಗೆ ಹಿಂದಿರುಗುವರು, ಇಲ್ಲವೆ ರಾತ್ರಿ ಹೋಗುವರು.

ನಾವು ಊರಿಗೆ ಹೊರಡುವ ಹಿಂದಿನ ಭಾನುವಾರ, ಮಗುವಿನ ಒತ್ತಾಯದಿಂದ ಹತ್ತು ಗಂಟೆಯವರೆಗೂ ನಿಂತೆವು. ಮಗುವಿನ ಕೋಲಿಗೆ ಒಮ್ಮೆಲೇ ಭಾರ ಬಿದ್ದಿತು. ಸಣ್ಣ ಕೋಲು, ತೆಳು ದಾರ. ಎಳೆದಾಟ ಬಹಳ ಹೊತ್ತು ನಡೆಯಿತು. ಮೇಲೆ ಬಂದುದು ೨೧ ಅಂಗುಲದ ಹೆಣ್ಣು. ಮಗುವಿನ ಜೀವಮಾನದಲ್ಲಿ ಅಷ್ಟು ದೊಡ್ಡದನ್ನು ಅದು ಹಿಡಿದಿರಲಿಲ್ಲ. ಭಾವಚಿತ್ರ ತೆಗೆಯುವ ಭಾರವು ನಮ್ಮಮೇಲೆ ಬಿದ್ದಿತು. ಕೈದೂರವಾಣಿಯನ್ನು ನಾವು ತಿರುಗಿಸಿ ಹಿಡಿದೆವು. ನಮ್ಮ ಮೂಗಿನ ಚಿತ್ರ ಬಂದಿತು. ಒತ್ತಿದೆವು, ಏನೋ ಬೇರೆ ತೆರೆಯಿತು. ಬಿಸಿಲಿಗೆ ಪರದೆ ಕಾಣದು. ಮಗುವು ಎರಡು ಕೈಯಲ್ಲೂ ಮೀನನ್ನು ಹಿಡಿದು, "ಅಜ್ಜ, ಬೇಗ" ಎನ್ನುತ್ತಿತ್ತು. ಅಳಿಯಂದಿರು ಚುಕ್ಕಾಣಿಯ ಬಳಿಯಿಂದ ಎದ್ದು ಬಂದು ಯಂತ್ರವನ್ನು ತೆಗೆದುಕೊಳ್ಳುವ ಹೊತ್ತಿಗೆ ಮೂರು ನಾಲ್ಕು ನಿಮಿಷಗಳಾಗಿದ್ದುವು.

ನೀರಿಗೆ ಬಿಟ್ಟರೆ ಮೀನು ಪಕ್ಕಕ್ಕೆ ವಾಲಿತು. ಅಳಿಯಂದಿರು ದೋಣಿಯಂಚಿನಲ್ಲಿ ಬೋರಲಾಗಿ ಮಲಗಿ, ಅದನ್ನು ನೆಟ್ಟಗೆ ಹಿಡಿದು, ಕಿವಿರಿಗೆ ನೀರಾಡಲೆಂದು ಮೆಲ್ಲಮೆಲ್ಲನೆ ಮುಂದಕ್ಕೆ ನಡೆಸಿದರು. ಕಾಲು ಗಂಟೆ ಹಾಗೆಯೇ ಇದ್ದರು. ಕೈಬಿಟ್ಟೊಡನೆ ಹೊಟ್ಟೆ ಮೇಲಾಯಿತು. ಅಳತೆಯು ಕಾಯಿದೆಯ ಎಲ್ಲೆಯೊಳಗೆ ಇದ್ದುದರಿಂದ ಸತ್ತುದನ್ನೂ ಇಟ್ಟುಕೊಳ್ಳುವಂತಿಲ್ಲ. ಅಲ್ಲಿಯೇ ಬಿಟ್ಟು ಬಂದೆವು. ಮಗುವು ದಡ ಸೇರುವವರೆಗೆ ಅತ್ತಿತು. ನಾವು ಏನನ್ನೂ ಹೇಳಲಿಲ್ಲ. ಹೇಳುವುದಕ್ಕೆ ಬಾಯಾದರೂ ಎಲ್ಲಿತ್ತು? ಐದು ತಿಂಗಳು ಅಹಿಂಸೆಯ ಪಾಠ ಹೇಳಿದವರ ಕೈಯಿಂದಲೇ ಅದು ಸತ್ತಿತು. ಮೋಟಾರಿನಲ್ಲಿ ಅಳಿಯಂದಿರೇ ಮೌನವನ್ನು ಮುರಿದು, "ತಪ್ಪು ನನ್ನದು ಮಾವ. ಈ ಬಿಸಿಲಿನಲ್ಲಿ ಎಂಟರ ಮೇಲೆ ನಿಲ್ಲಬಾರದಾಗಿತ್ತು. ನನಗೆ ಗೊತ್ತಿತ್ತು" ಎಂದರು. ತಪ್ಪು ನಮ್ಮದೆಂದು ನಾವು, ತಮ್ಮದೆಂದು ಅವರು, ಹೀಗೆ ಅರ್ಧ ದಾರಿಯನ್ನು ಕಳೆದೆವು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಮಾತನಾಡಿದ್ದು ಅದೇ ಮೊದಲು.

ಊರಿಗೆ ಬಂದು ನಾವು ಮಾಡಿದ ಮೊದಲ ಕೆಲಸವೆಂದರೆ ಮಾನಸೋಲ್ಲಾಸವನ್ನು ಬಿಚ್ಚಿದುದು. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವುಂಟು. ವಿದ್ಯಾರ್ಥಿದೆಸೆಯಲ್ಲಿ ನಾವು ಅದನ್ನು ದಾಟಿಸಿಕೊಂಡು ಮುಂದೆ ಹೋಗಿದ್ದೆವು. ಈಗ ಓದಿದರೆ, ಕನ್ನಡನಾಡನ್ನಾಳಿದ ಅರಸನು ಕೋಲು ದಾರ ಕೊಕ್ಕೆಗಳನ್ನೂ, ಹುರುಪೆಯುಳ್ಳ ಮತ್ತು ಇಲ್ಲದ ಮೀನುಗಳ ಜಾತಿಗಳನ್ನೂ, ಯಾವ ಮೀನಿಗೆ ಯಾವ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂಬುದನ್ನೂ ಅಡಿಗೆಯ ಪುಸ್ತಕದಷ್ಟು ವಿವರವಾಗಿ ಬರೆದಿದ್ದಾನೆ. ಗಾಳವು ವಿದೇಶದ ವ್ಯಸನವೆಂದು ಅಳಿಯಂದಿರ ಮುಂದೆ ನಾವು ಆಡಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ತೀರ ಈಚಿನ ಸಂಗತಿಯನ್ನು ಹೇಳುವುದಾದರೆ, ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಕಬಿನಿಯಲ್ಲಿ ೧೨೦ ಪೌಂಡಿನ ಮಹಶೀರ್ ಮೀನನ್ನು ಗಾಳದಿಂದ ಹಿಡಿದಿದ್ದರು. ಅಂತಹ ಗೂನುಬೆನ್ನಿನ ಮಹಶೀರ್ ಕಾವೇರಿಯ ನದೀಸಮೂಹವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ೨೦೧೮ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅಳೆದು ಬಿಡುವವರು ಅಲ್ಲಿ ಹೆಚ್ಚು, ನದಿಗೆ ಸಿಡಿಮದ್ದು ಹಾಕುವವರು ಇಲ್ಲಿ ಹೆಚ್ಚು. ಇದನ್ನು ಬರೆಯುವಾಗ ನಮಗೆ ನಾಚಿಕೆಯೇ ಆಗುತ್ತದೆ.

ಎರಡನೆಯ ಸಾರಿ ಹೋದಾಗ ಶರತ್ಕಾಲ. ಅಕ್ಟೋಬರಿನ ರಾತ್ರಿಗಳು ತಣ್ಣಗಾದಂತೆ ಮೇಲಿನ ನೀರೂ ತಣಿದು, ಭಾರವಾಗಿ ಕೆಳಗಿಳಿದು, ಬೇಸಿಗೆಯೆಲ್ಲ ಬೇರೆಬೇರೆಯಾಗಿದ್ದ ಪದರಗಳು ಬೆರೆತುಹೋಗುತ್ತವೆ. ಶ್ಯಾಡ್ ಮರಿಗಳು ದೊಡ್ಡ ದೊಡ್ಡ ಹಿಂಡುಗಳಾಗಿ ತೊರೆಗಳು ಬಂದು ಸೇರುವ ಕೊಲ್ಲಿಗಳೊಳಕ್ಕೆ ನುಗ್ಗುತ್ತವೆ. ಅವುಗಳ ಬೆನ್ನಿಗೆ ಬಾಸ್. ಮೋಡ ಮುಸುಕಿದ ಒಂದು ಬೆಳಗ್ಗೆ ನಮ್ಮ ಕಣ್ಣಮುಂದೆ ನೀರು ಒಮ್ಮೆಲೇ ಅಕ್ಕಿ ಹುರಿದಂತೆ ಚಟಪಟನೆ ಎದ್ದಿತು. ಸಾವಿರ ಬೆಳ್ಳಿಯ ಚೂರುಗಳು ಗಾಳಿಗೆ ಹಾರಿದುವು. ಕೆಳಗಿನಿಂದ ಹಸುರು ಬೆನ್ನುಗಳು ಮಗುಚಿದುವು. ನಮ್ಮ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳ ದಾಯಾದಿಗಳಾದ ಬಿಳಿಯ ಹೆಜ್ಜಾರ್ಲೆಗಳು ಆ ಕಾಲಕ್ಕೆ ಉತ್ತರದಿಂದ ವಲಸೆ ಬಂದಿರುತ್ತವೆ. ಅವು ಸಾಲಾಗಿ ತೇಲುತ್ತ ತಮ್ಮ ಪಾಲನ್ನು ವಸೂಲು ಮಾಡುತ್ತಿದ್ದುವು. ಅಂದು ಮಗುವು ಒಂಬತ್ತು ಮೀನುಗಳನ್ನು ಹಿಡಿಯಿತು. ಒಂದೊಂದನ್ನೂ ಹಿಡಿಯುವ ಮೊದಲು ಕೈಯನ್ನು ಒದ್ದೆ ಮಾಡಿಕೊಳ್ಳುವುದು, ಉಸಿರು ಬಿಗಿಹಿಡಿದು ತನಗೆ ಉಸಿರು ಬೇಕಾಗುವುದರೊಳಗೆ ಅದನ್ನು ನೀರಿಗೆ ಬಿಡುವುದು—ಈ ಕ್ರಮವನ್ನು ತಾನಾಗಿಯೇ ಕಲ್ಪಿಸಿಕೊಂಡಿತ್ತು. ಭಾವಚಿತ್ರ ತೆಗೆಯಿರೆಂದು ನಮ್ಮನ್ನು ಯಾರೂ ಕೇಳಲಿಲ್ಲ.

ಚಳಿಗಾಲದ ವಿಷಯವಾಗಿ ಹೇಳತಕ್ಕದ್ದು ಕಡಿಮೆ. ಏತಕ್ಕೆಂದರೆ ಆಗ ಏನೂ ನಡೆಯುವಂತೆ ಕಾಣುವುದಿಲ್ಲ. ನೀರು ೫೦ ಡಿಗ್ರಿಗಿಂತ ಕೆಳಗಿಳಿದರೆ ಬಾಸ್ ಮೀನು ಆಳದ ಬೊಡ್ಡೆಗಳ ಬಳಿ ಮಂಕಾಗಿ ನಿಂತಿರುತ್ತದೆ. ಅದರ ಮೂಗಿನ ಮುಂದೆ ಆಹಾರವನ್ನು ಬಸವನಹುಳುವಿನಂತೆ ನಡೆಸಿದರೆ ಮಾತ್ರ ಬಾಯಿ ತೆರೆಯಬಹುದು. ನಾವು ಎರಡು ಕಂಬಳಿ ಹೊದ್ದು ದೋಣಿಯಲ್ಲಿ ಕುಳಿತು ಫ್ಲಾಸ್ಕಿನ ಕಾಫಿ ಕುಡಿಯುತ್ತ ನಡುಗಿದೆವು. ಆದರೂ ದೊಡ್ಡ ಮೀನಿನ ಕಾಲ ಇದೇ. ಟೆಕ್ಸಸ್ಸಿನ ಅತ್ಯಂತ ಭಾರವಾದ ಬಾಸ್ ಮೀನು, ೧೮.೧೮ ಪೌಂಡಿನದು, ಇದೇ ಜಲಾಶಯದಲ್ಲಿ ೧೯೯೨ರ ಜನವರಿ ೨೪ರಂದು ಸಿಕ್ಕಿತು. ಹಿಡಿದಾತನು ಅದನ್ನು ಹುಡುಕಿ ಹೋಗಿರಲಿಲ್ಲ, ಕ್ರ್ಯಾಪಿ ಎಂಬ ಸಣ್ಣ ಜಾತಿಯ ಮೀನಿಗಾಗಿ ಮರಿಮೀನನ್ನು ಸಿಕ್ಕಿಸಿ ಕುಳಿತಿದ್ದನು. ಲೋಕದ ದಾಖಲೆ ಇದಕ್ಕೂ ಮೇಲೆ: ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ೧೯೩೨ರಲ್ಲಿ ಹಿಡಿದುದು ೨೨ ಪೌಂಡು ೪ ಔನ್ಸು, ಎಪ್ಪತ್ತೇಳು ವರ್ಷಗಳ ಮೇಲೆ, ೨೦೦೯ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ ಎಂಬಾತನು ಅದಕ್ಕೆ ಸರಿಗಟ್ಟಿದನು. ಇಂತಹ ಭಾರೀ ಮೀನುಗಳೆಲ್ಲ ಹೆಣ್ಣುಗಳೇ. ಗೂಡು ಕಾಯುವ ಗಂಡು ಕೆಲವು ಪೌಂಡುಗಳಿಗಿಂತ ಮೇಲೆ ಬೆಳೆಯುವುದು ಅಪರೂಪ.

ಟೆಕ್ಸಸ್ಸಿನ ಸರ್ಕಾರವು ೧೯೮೬ರಿಂದ ಒಂದು ವಿಚಿತ್ರವಾದ ಏರ್ಪಾಡನ್ನು ನಡೆಸುತ್ತಿದೆ. ೧೩ ಪೌಂಡಿಗೆ ಮೇಲ್ಪಟ್ಟ ಬಾಸ್ ಮೀನನ್ನು ಹಿಡಿದವನು ಅದನ್ನು ಸರ್ಕಾರಕ್ಕೆ ಸಾಲವಾಗಿ ಕೊಡಬಹುದು. ಅದರಿಂದ ಮರಿ ಮಾಡಿಸಿ ಜಲಾಶಯಗಳಿಗೆ ಬಿಡುವರು. ಆ ವರ್ಷ ಮೊದಲು ಬಂದ ೧೭.೬೭ ಪೌಂಡಿನ ಹೆಣ್ಣು ಲೇಕ್ ಫೋರ್ಕಿನದೇ. ಅದಕ್ಕೆ ಎಥೆಲ್ ಎಂದು ನಾಮಕರಣ ಮಾಡಿದ್ದರು, ೧೯೯೪ರವರೆಗೆ ಬದುಕಿತ್ತು. ಹೆಣ್ಣುಮಗಳೊಬ್ಬಳನ್ನು ಬಾಣಂತನಕ್ಕೆ ಕರೆದೊಯ್ದು ಕಳುಹಿಸಿಕೊಡುವಂತಿದೆಯೆಂದು ನಮ್ಮ ಗೃಹಿಣಿಯು ಹೇಳಿದಳು. ಮೀನಿನ ವಿಷಯದಲ್ಲಿ ಆಕೆ ಆಡಿದ ಮಾತು ಅದೊಂದೇ.

ಹೊರಡುವ ಹಿಂದಿನ 저녁ದಂತಹ ಗಡಿಬಿಡಿಯಿಲ್ಲದ ಒಂದು ಸಂಜೆ, ಪೆಟ್ಟಿಗೆಗಳನ್ನು ಕಟ್ಟಿಯಾದ ಮೇಲೆ, ಅಳಿಯಂದಿರು ಮೋಟಾರಿನ ಕೋಣೆಯಲ್ಲಿ ಕೋಲುಗಳ ದಾರವನ್ನು ಬದಲಾಯಿಸುತ್ತಿದ್ದರು. ನಾವು ರಾಟೆ ಹಿಡಿದುಕೊಂಡು ಸಹಾಯ ಮಾಡುತ್ತಿದ್ದೆವು. "ಮಾವ, ಹೋದ ವಸಂತದಲ್ಲಿ ಗೂಡಿನ ಮೇಲೆ ಹಾಕಲಿಲ್ಲ" ಎಂದು ದಾರವನ್ನೇ ನೋಡುತ್ತ ಹೇಳಿದರು. ಲೆಕ್ಕ ಬದಲಾಯಿತೇ ಎಂದು ಕೇಳಿದೆವು. "ಲೆಕ್ಕ ಅದೇ. ಮಗು ಬೇಡ ಅಂದ" ಎಂದರು. ಸುತ್ತಿದ ದಾರವು ಅಷ್ಟರಲ್ಲಿ ಸಿಕ್ಕಾಗಿ, ಅದನ್ನು ಬಿಡಿಸುವುದರಲ್ಲಿ ಇಬ್ಬರಿಗೂ ಊಟದ ಹೊತ್ತಾಯಿತು.

ಈಗ ಮಾರ್ಚಿ. ಮಗುವು ಪ್ರತಿ ಭಾನುವಾರವೂ ದೂರವಾಣಿಯಲ್ಲಿ ನೀರಿನ ಶಾಖವನ್ನು ನಮಗೆ ತಿಳಿಸುತ್ತದೆ. ಮೊನ್ನೆ ೬೧ ಡಿಗ್ರಿಯಾಗಿದೆಯಂತೆ. ಹಳೆಯ ಕೊಲ್ಲಿಯಲ್ಲಿ ಮೂರು ಗೂಡುಗಳನ್ನು ನೋಡಿ ಬಂದಿದೆಯಂತೆ. ಅಷ್ಟು ಹೇಳಿ, "ಅಜ್ಜ, ನಿಮ್ಮ ಶೃಂಗೇರಿ ಮೀನು ಎಷ್ಟು ಇಂಚು? ಅಳೆದು ಹೇಳು" ಎಂದು ಕೇಳಿತು. ದೇವರ ಮೀನನ್ನು ಯಾರು ಅಳೆಯಬೇಕು, ಅಳೆಯಗೊಡುವವರಾದರೂ ಯಾರು? ಮುಂದಿನ ವಾರ ಹೋದಾಗ ನೀರಿಗಿಳಿದ ಕಡೆಯ ಮೆಟ್ಟಿಲಿನ ಕಲ್ಲನ್ನು ಗೇಣಿನಿಂದ ಅಳೆದುಕೊಂಡು, ಅದರ ಪಕ್ಕಕ್ಕೆ ಪುರಿಗಾಗಿ ಬಂದು ನಿಂತ ಮೀನನ್ನು ನೋಡಿ, ಅಂದಾಜು ಮಾಡಿ ಬರೆಯೋಣವೆಂದಿದ್ದೇವೆ.